ಕಾರ್ಮುಗಿಲನ ಎಡಗಡೆ

ಹಾನಗಲ್
12 ಸೆಪ್ಟೆಂಬರ್ 2024

ರುದ್ರೇಶ,

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಇಂದಿಗೆ ಇಪ್ಪತ್ತಾರು ದಿನ. ಹಯಾತನ ಫೋನಿನಿಂದ ಮಾಡಿದೆ, ನನ್ನ ದನಿ ಕೇಳಿ ನೀನು ಇಟ್ಟುಬಿಟ್ಟೆ. ಇಮಾಮಬಿ ಚಾಚಿಯ ಫೋನಿನಿಂದ ಮಾಡಿದೆ, ಅದನ್ನೂ ಇಟ್ಟೆ. "ನನ್ನೂ ಬ್ಲಾಕ್ ಮಾಡಿದ್ನಂದ್ರ ನನ್ನ ಗಿರಣಿಗೆ ಒಬ್ಬ ಗಿರಾಕಿ ಕಮ್ಮಿ ಆದಂಗ ಆತಲ್ಲೋ" ಎಂದು ಚಾಚಿ ನಕ್ಕಳು. ಕಡೆಗೆ ಅಂಚೆ ಕಚೇರಿಗೆ ಹೋಗಿ ಐದು ಲಕೋಟೆ ತಂದೆ. ಶಾಲೆಯಲ್ಲಿ ನಾನು ಕಲಿತದ್ದು ಮುಖ್ಯೋಪಾಧ್ಯಾಯರಿಗೆ ರಜೆ ಕೇಳಿ ಬರೆಯುವ ಪತ್ರ ಒಂದೇ. ಹೆಚ್ಚು ಕಡಿಮೆಯಾದರೆ ಸಹಿಸಿಕೋ.

ಬರೆಯಲು ಕಾರಣವಿದೆ. ಪುಣೆಯ ಒಂದು ಕಂಪನಿ ನಮ್ಮ 'ಕೊಬ್ಬರಿ' ಮೊಬೈಲ್ ಆಟ ನೋಡಿದೆ. ಇಷ್ಟಪಟ್ಟರೆ ಅವರೇ ಎಲ್ಲ ಕಡೆ ಬಿಡುಗಡೆ ಮಾಡುತ್ತಾರಂತೆ. ಅದಕ್ಕೆ ಮೊದಲು 'ಗಿರಣಿ ಗೇಮ್ಸ್' ಇತಿಹಾಸವನ್ನು ಒಂದು ಪುಟದಲ್ಲಿ ಬರೆದು ಕಳಿಸಬೇಕು. ಎರಡು ವರ್ಷದ ಕೋಣೆಗೆ ಇತಿಹಾಸವೆಂದರೆ, ಆಟಕ್ಕೆ ಸದ್ದು ಕೂಡಿಸುತ್ತಿದ್ದ ಹಯಾತ ಹೆಡ್‌ಫೋನು ತೆಗೆದು ಬಿದ್ದು ಬಿದ್ದು ನಕ್ಕ. "ನಾವೇನ್ ಸವಣೂರ ನವಾಬರೇನಲೇ?"

ನಾನು ಬರೆದದ್ದು ಹೀಗಿದೆ:

'ಹಾನಗಲ್ಲಿನ ಇಮಾಮಬಿ ಅವರ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಶುರುವಾಯಿತು. ಗಿರಣಿ ಓಡುವಾಗ ಟೇಬಲ್ ನಡುಗುತ್ತದೆ. ಆದ್ದರಿಂದ ಕೋಡ್ ಬರೆಯುವುದು ಬೆಳಿಗ್ಗೆ, ಗಿರಣಿ ನಿಂತ ಮೇಲೆ ಮಧ್ಯಾಹ್ನ ಚಿತ್ರ. ನಮ್ಮ ಸೀಮೆಯಲ್ಲಿ ದೀಪಾವಳಿಯಿಂದ ಮುಂದೆ ಊರೂರಿನಲ್ಲಿ ಹೋರಿ ಹಬ್ಬ ನಡೆಯುತ್ತದೆ. ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ. ಸರ ಕಿತ್ತವನು ಹೋರಿ ಹಿಡಿದ ಹಾಗೆ. ಯಾರ ಕೈಗೂ ಸಿಗದೆ ದಾಟಿದ ಹೋರಿಗೆ ಅಭಿಮಾನಿಗಳಿದ್ದಾರೆ, ಬ್ಯಾನರ್ ಕಟ್ಟುತ್ತಾರೆ. ನಮ್ಮ ಆಟದಲ್ಲಿ ಮೂವತ್ತೆರಡು ಹೋರಿಗಳಿವೆ. ಎಲ್ಲವೂ ನಮ್ಮ ತಾಲೂಕುಗಳ ನಿಜವಾದ ಹೋರಿಗಳು, ನಿಜವಾದ ಗುಣ.'

ವಿದ್ಯಾಭ್ಯಾಸ ಕೇಳಿದ್ದರು. ಪಿಯುಸಿ ಎರಡನೇ ವರ್ಷ ಅರ್ಧಕ್ಕೆ ಬಿಟ್ಟವನು ಎಂದು ಬರೆದೆ. ಅದು ಚಂದ ಕಾಣುತ್ತದಂತೆ, ಹಾಗೇ ಇರಲಿ ಎಂದು ಪುಣೆಯವರು ಫೋನಿನಲ್ಲಿ ಹೇಳಿದರು. ಸ್ಥಾಪಕರು ಎಂಬಲ್ಲಿ ನನ್ನ ಹೆಸರಿನ ಮೇಲೆ ನಿನ್ನ ಹೆಸರು ಬರೆದಿದ್ದೇನೆ. ಅಷ್ಟೂ ಹೋರಿಗಳ ಕೊಂಬು, ಡುಬ್ಬ, ಗೊರಸು ಬರೆದ ಕೈ ನಿನ್ನದು. ಕೊನೆಯ ಪ್ರಶ್ನೆಗೆ ಬಂದು ನಿಂತೆ: ಸ್ಥಾಪಕರಲ್ಲಿ ಯಾರಾದರೂ ಈಗ ಜೊತೆಗಿಲ್ಲವಾದರೆ ಕಾರಣ ತಿಳಿಸಿ.

ಕಾರಣ ನನಗೆ ಗೊತ್ತು. ನಿಮ್ಮ ಮನೆಯ ಹೋರಿ ಕಾರ್ಮುಗಿಲ ಅಖಾಡದಲ್ಲಿ ನೂರು ಹೆಜ್ಜೆ ಓಡಿದ ಮೇಲೆ, ರೆಪ್ಪೆ ಬಡಿಯುವಷ್ಟು ಹೊತ್ತು, ಎಡಕ್ಕೆ ಕುತ್ತಿಗೆ ತಿರುಗಿಸುತ್ತದೆ. ಬೇಲಿಯ ಹೊರಗೆ ಎಡಗಡೆ ನೀನು ಓಡುತ್ತಿರುತ್ತೀ. ಕರುವಾಗಿದ್ದಾಗಿನಿಂದ ಅದಕ್ಕೆ ಎಡಗಡೆ ಕೂತು ಹಿಂಡಿ ತಿನ್ನಿಸಿದವನು ನೀನು. ಅದು ನಿನ್ನನ್ನು ಹುಡುಕುತ್ತದೆ. ಆ ಗಳಿಗೆ ಎಡಗಡೆ ನಿಂತವನಿಗೆ ಕೊರಳ ಸರ ಸುಲಭಕ್ಕೆ ಸಿಗುತ್ತದೆ. ನಾಲ್ಕು ವರ್ಷದಿಂದ ಯಾರೂ ಇದನ್ನು ಗಮನಿಸಿರಲಿಲ್ಲ. ಆನಿಕೆರೆ ದಂಡೆಯ ಮೇಲೆ ಕೂತು ನೀನು ನನಗೆ ಹೇಳಿದೆ. ನಾನು ಅದನ್ನು ಆಟದಲ್ಲಿ ಹಾಕಿದೆ, ನಿನ್ನನ್ನು ಕೇಳಲಿಲ್ಲ.

ಉಳಿದ ಮೂವತ್ತೊಂದು ಹೋರಿಗಳಿಗೆ ಇದ್ದದ್ದು ಬರೆದು ನಿಮ್ಮದಕ್ಕೆ ಮಾತ್ರ ಇಲ್ಲದ್ದು ಬರೆದರೆ ಆಡುವವರಿಗೆ ಮೋಸವಾಗುತ್ತದೆ ಎಂದು ಆಗ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ಆದ್ದರಿಂದ ಕ್ಷಮಿಸು ಎಂದು ಬರೆಯಲಾರೆ. ಆದರೆ ನೀನಿಲ್ಲದ ಕೋಣೆಯಲ್ಲಿ ಮಧ್ಯಾಹ್ನಗಳು ಖಾಲಿ ಎಂಬುದೂ ನಿಜ.

ಕಾರಣ ಏನೆಂದು ಬರೆಯಲಿ? ನೀನೇ ಹೇಳು.

ಮಾಲತೇಶ


ಚಿಕ್ಕೇರೂರು
24 ಅಕ್ಟೋಬರ್ 2024

ರುದ್ರೇಶ,

ನಿನ್ನ ಉತ್ತರ ಬರಲಿಲ್ಲ. ಕಾರಣದ ಜಾಗ ಖಾಲಿ ಬಿಟ್ಟು ಪುಣೆಗೆ ಕಳಿಸಿದೆ.

ಊರಿಗೆ ಬರುವಾಗ ಹಿರೇಕೆರೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡದ್ದು ಹೇಳಬೇಕು. ಕಾಲೇಜಿನ ನಾಲ್ವರು ಕಲ್ಲುಬೆಂಚಿನ ಮೇಲೆ ಕೂತು ನಮ್ಮ ಆಟ ಆಡುತ್ತಿದ್ದರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹತ್ತಿರ ಹೋಗಿ ಕಂಬಕ್ಕೆ ಒರಗಿ ನಿಂತೆ.

"ಕಾರ್ಮುಗಿಲ ಬಂತಂದ್ರ ನೂರ ಹೆಜ್ಜೇಕ ಎಡಕ್ಕ ನಿಂದರಲೇ. ತಾನಾ ಕುತಿಗಿ ಕೊಡತೈತಿ."

"ಗೊತ್ತೈತೋ ಮಾರಾಯಾ, ಹದಿನೆಂಟ ಸಲ ಹಿಡದೇನಿ."

"ಫೋನಿನ್ಯಾಗ ಅಲ್ಲಲೇ ಮಂಗ್ಯಾ. ದೀಪಾವಳಿ ಆಗ್ಲಿ, ಖರೇ ಹೋರೀನ ಹಿಡಿಯೂಣು. ಹಿರೇಬೆಂಡಿಗೇರಿಗೆ ಬರ್ತೈತಂತ."

ಆಮೇಲೆ ಬಂದ ಬಸ್ಸನ್ನು ಹತ್ತದೆ ಬಿಟ್ಟೆ. ಆಟದಲ್ಲಿ ಎಡಕ್ಕೆ ನಿಂತವನಿಗೆ ತಪ್ಪಿದರೆ ಪರದೆ ಕೆಂಪಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾನು ಇಷ್ಟು ದಿನ ಯೋಚಿಸಿದ್ದೆಲ್ಲ ನಿಮ್ಮ ಹೋರಿ ಸೋಲುತ್ತದೋ ಇಲ್ಲವೋ ಎಂದು. ಸೋತರೆ ನಿಮ್ಮಪ್ಪ ಬಸವಣ್ಣೆಪ್ಪ ಕಾಕಾ ನನ್ನ ಮುಖ ನೋಡುವುದಿಲ್ಲ, ಅಷ್ಟೇ ಎಂದುಕೊಂಡಿದ್ದೆ. ಪರದೆ ಕೆಂಪಾಗುವುದರ ಬಗ್ಗೆ ಯೋಚಿಸಿರಲಿಲ್ಲ.

ಒಂದು ಸಾಲು ಬರೆ. ಬೈದಾದರೂ ಬರೆ.

ಮಾಲತೇಶ


ತಿಳವಳ್ಳಿ
20 ನವೆಂಬರ್ 2024

ಮಾಲತೇಶನಿಗೆ,

ಅಕ್ಷರ ನನ್ನದಲ್ಲ ಎಂದು ಗಾಬರಿಯಾಗಬೇಡ. ನಾನು ಹೇಳಿದ್ದನ್ನು ತಂಗಿ ನೀಲಾಂಬಿಕಾ ಬರೆಯುತ್ತಿದ್ದಾಳೆ. ಬೈಕಿನಿಂದ ಬಿದ್ದು ಬಲಗೈಗೆ ಪೆಟ್ಟಾಗಿದೆ.

ನಿನ್ನ ಎರಡೂ ಪತ್ರ ಬಂದಿವೆ. ಎರಡನೆಯದಕ್ಕೆ ಮಾತ್ರ ಉತ್ತರ.

ನವೆಂಬರ್ ಹತ್ತರಂದು ಹಿರೇಬೆಂಡಿಗೇರಿಯಲ್ಲಿ ಕಾರ್ಮುಗಿಲನನ್ನು ಬಿಟ್ಟೆವು. ನಾನು ಎಂದಿನ ಹಾಗೆ ಬೇಲಿಯ ಹೊರಗೆ ಓಡಿದೆ. ನೂರು ಹೆಜ್ಜೆಗೆ ಎಡಗಡೆ ಹನ್ನೆರಡು ಜನ ಗುಂಪಾಗಿ ಕಾಯುತ್ತಿದ್ದರು. ಅಷ್ಟು ಜನ ಅಲ್ಲಿ ಯಾವತ್ತೂ ನಿಲ್ಲುತ್ತಿರಲಿಲ್ಲ. ಅದು ಕುತ್ತಿಗೆ ತಿರುಗಿಸಿತು. ಒಬ್ಬ ಕೊಂಬಿಗೆ ಜೋತುಬಿದ್ದ, ಇನ್ನೊಬ್ಬ ಕಿವಿ ಹಿಡಿದು ಎಳೆದ, ಕಿವಿ ಹರಿಯಿತು. ಕೊಬ್ಬರಿ ಯಾರಿಗೂ ಸಿಗಲಿಲ್ಲ. ಸೋಲಲಿಲ್ಲ ಎಂದು ಅಪ್ಪನಿಗೆ ಸಂತೋಷ.

ಆದರೆ ಅದು ಕಲಿತುಬಿಟ್ಟಿದೆ, ಮಾಲತೇಶ. ಈಗಲೂ ಎಡಕ್ಕೆ ತಿರುಗುತ್ತದೆ, ಹುಡುಕುವುದಕ್ಕಲ್ಲ, ಇರಿಯುವುದಕ್ಕೆ. ನಿನ್ನ ಆಟ ಮಾತ್ರ ಇನ್ನೂ ಎಡಕ್ಕೆ ನಿಲ್ಲಿ ಎಂದೇ ಕಲಿಸುತ್ತಿದೆ. ನೀನು ಬರೆದದ್ದು ಬರೆದ ದಿನ ನಿಜವಿತ್ತು. ಆಮೇಲೆ ನಿನ್ನ ಹುಡುಗರೇ ಹೋಗಿ ಅದನ್ನು ಸುಳ್ಳು ಮಾಡಿದರು.

ಡಿಸೆಂಬರ್ 29, ರವಿವಾರ, ನಿಮ್ಮ ಚಿಕ್ಕೇರೂರಿನಲ್ಲಿ ಹಬ್ಬ. ಅಪ್ಪ ಹೆಸರು ಕೊಟ್ಟಿದ್ದಾನೆ. ಬೇಡವೆಂದರೆ ಕೇಳುತ್ತಿಲ್ಲ. ಅಷ್ಟರೊಳಗೆ ಏನು ಮಾಡುತ್ತೀಯೋ ಮಾಡು.

ರುದ್ರೇಶ


ಹಾನಗಲ್
25 ನವೆಂಬರ್ 2024

ರುದ್ರೇಶ,

ಪತ್ರ ಕೈಗೆ ಬಂದ ದಿನವೇ ಕೂತೆ. ಮರುದಿನ ಬೆಳಿಗ್ಗೆ ಗಿರಣಿ ಶುರುವಾಗುವ ಹೊತ್ತಿಗೆ ಹೊಸ ಆವೃತ್ತಿ ಹೊರಗೆ ಬಿಟ್ಟೆ. ಅದರಲ್ಲಿ ಕಾರ್ಮುಗಿಲ ಇಲ್ಲ. ಆಟ ತೆರೆದ ಕೂಡಲೇ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಬರುತ್ತದೆ: 'ಇದನ್ನು ನಂಬಿ ಅಖಾಡಕ್ಕೆ ಇಳಿಯಬೇಡಿ.'

ಹೊಸದನ್ನು ಹಾಕಿಕೊಂಡವರು ನಲವತ್ತು ಜನ.

ತಪ್ಪು ನನ್ನದೇ. ನಮ್ಮ ಕಡೆ ನೆಟ್ ಸಿಗದ ಊರುಗಳಿವೆ ಎಂದು ಆಟವನ್ನು ಫೋನಿನಿಂದ ಫೋನಿಗೆ ಕಳಿಸಬಹುದಾದ ಹಾಗೆ ಮಾಡಿದೆ, ನೆನಪಿದೆಯಾ? ನೀನು ಬೆನ್ನು ತಟ್ಟಿದ್ದೆ. ಈಗ ಹಳೆಯ ಆಟ ಯಾವ ಊರಲ್ಲಿ ಯಾರ ಕೈಯಲ್ಲಿದೆಯೋ ನನಗೆ ಗೊತ್ತಿಲ್ಲ, ಹಿಂದಕ್ಕೆ ಕರೆಯಲು ದಾರಿಯೂ ಇಲ್ಲ. ಹೊಲಕ್ಕೆ ಬಿತ್ತಿದ ಬೀಜ ಆರಿಸಲು ಹೋದ ಹಾಗಿದೆ. ಹಯಾತ ಶಿಗ್ಗಾವಿಯ ಮೊಬೈಲ್ ಅಂಗಡಿಗಳನ್ನು ಸುತ್ತಿ ಬಂದ. ಅಂಗಡಿಯವರು ಕೇಳಿದರಂತೆ, "ಕಾರ್ಮುಗಿಲ ಇಲ್ಲದ ಗೇಮ್ ಯಾವಾಂವ ಆಡ್ತಾನೋ? ಹಳೇದ ಇದ್ರ ಕೊಡು."

ನಿನ್ನ ಕೈಗೆ ಎಷ್ಟು ಪೆಟ್ಟಾಗಿದೆ? ಬೆರಳು ಆಡುತ್ತವೆಯೇ? ಪತ್ರದಲ್ಲಿ ಒಂದೇ ಸಾಲು ಬರೆಸಿದ್ದೀ. ಎಲ್ಲಿ ಬಿದ್ದೆ, ಯಾರ ಬೈಕು, ಏನೂ ಇಲ್ಲ.

ಮಾಲತೇಶ


ತಿಳವಳ್ಳಿ
4 ಡಿಸೆಂಬರ್ 2024

ಮಾಲತೇಶಣ್ಣನಿಗೆ ನೀಲಾಂಬಿಕಾ ಮಾಡುವ ನಮಸ್ಕಾರ.

ಇದನ್ನು ಅಣ್ಣನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ನೀನು ಕೈಯ ಬಗ್ಗೆ ಕೇಳಿದ್ದನ್ನು ಓದಿ ಹೇಳಿದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅದಕ್ಕೇ ಬರೆಯುತ್ತಿದ್ದೇನೆ.

ಅವನು ಬೈಕಿನಿಂದ ಬಿದ್ದಿಲ್ಲ. ಹಿರೇಬೆಂಡಿಗೇರಿಯಿಂದ ಬಂದ ಮೂರನೆಯ ದಿನ ಬೆಳಿಗ್ಗೆ ಮೇವಿನ ಹೊರೆ ಹಿಡಿದು ದನದ ಮನೆಗೆ ಹೋದ. ಯಾವಾಗಲೂ ಹೋಗುವ ಹಾಗೆ ಎಡಗಡೆಯಿಂದಲೇ ಹೋದ. ನಾನು ಸಗಣಿ ಬಾಚುತ್ತಿದ್ದೆ. ಅದು ತಿರುಗಿ ನೋಡಿತು. ನೋಡಿಯೂ ಹಾಯಿತು, ಅಣ್ಣಾ. ಗೋಡೆಗೆ ಒತ್ತಿ ಹಿಡಿಯಿತು. ಮೊಣಕೈ ಮೂರು ಕಡೆ ಒಡೆದಿದೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಾಡು ಹಾಕಿದ್ದಾರೆ, ಡಿಸೆಂಬರ್ 27ಕ್ಕೆ ಇನ್ನೊಂದು ಆಪರೇಷನ್ ಇದೆ. ಪೆನ್ಸಿಲ್ ಹಿಡಿಯುತ್ತಾನೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ.

ಊರಿಗೆಲ್ಲ ಬೈಕು ಎಂದು ಹೇಳಿದ್ದೇವೆ. ಸಾಕಿದವನನ್ನೇ ಇರಿದ ಹೋರಿ ಎಂದು ತಿಳಿದರೆ ಅದನ್ನು ಯಾರೂ ಊರಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ. ಮಾರಬೇಕು, ಅದನ್ನು ಕೊಳ್ಳುವವರು ಯಾರು ಎಂದು ನಿನಗೆ ಗೊತ್ತು. ಸುಳ್ಳು ಹೇಳು ಎಂದು ಅಪ್ಪನಿಗೆ ಹೇಳಿದವನು ಅಣ್ಣನೇ. ಆಟೋದಲ್ಲಿ ಮಲಗಿ, ಕೈ ಜೋತಾಡುತ್ತಿದ್ದಾಗ ಹೇಳಿದ.

ಈಗ ಹಬ್ಬಕ್ಕೆ ಬಿಡದಿದ್ದರೆ ಜನ ಅನುಮಾನ ಪಡುತ್ತಾರೆ ಎಂದು ಅಪ್ಪ ಹೆಸರು ಕೊಟ್ಟಿದ್ದಾನೆ. ಅವನಿಗೂ ನಿದ್ದೆ ಇಲ್ಲ. "ಒಮ್ಮಿ ಸಿಟ್ಟಿಗೆ ಬಂದಿತ್ತು, ಮುಗೀತು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ.

ನಾನು ಬರೆದದ್ದನ್ನು ಅಣ್ಣನಿಗೆ ತಿಳಿಸಬೇಡ.

ನಿನ್ನ ತಂಗಿಯಂಥ
ನೀಲಾಂಬಿಕಾ


ಹಾನಗಲ್
11 ಡಿಸೆಂಬರ್ 2024

ತಂಗಿ ನೀಲಾಂಬಿಕಾ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. 'ನೋಡಿಯೂ ಹಾಯಿತು' ಎಂಬಲ್ಲಿಗೆ ಬಂದಾಗಲೆಲ್ಲ ಮುಚ್ಚಿಟ್ಟೆ.

ರುದ್ರೇಶನಿಗೆ ನಾನಾಗಿ ಹೇಳುವುದಿಲ್ಲ. ಅವನೇ ಕೇಳಿದರೆ ಸುಳ್ಳು ಹೇಳಲು ನನ್ನಿಂದಾಗದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪುಣೆಯವರಿಗೆ ಫೋನ್ ಮಾಡಿ ನಮ್ಮ ಆಟ ಜನರಿಗೆ ಅಪಾಯವಾಗಿದೆ ಎಂದೆ. ಅವರು, ಇಂಥ ಮಾತು ಬರವಣಿಗೆಯಲ್ಲಿ ಹಾಕಬೇಡಿ ಎಂದರು. ನಾನು ಆಗಲೇ ಮೇಲ್ ಕಳಿಸಿಯಾಗಿತ್ತು. ಮರುದಿನ ಈ ವಿಷಯ ಇಲ್ಲಿಗೆ ಮುಗಿಯಿತೆಂದು ಎರಡು ಸಾಲು ಬಂತು. ಹಯಾತ ತನ್ನ ಹೆಡ್‌ಫೋನು ಚೀಲಕ್ಕೆ ಹಾಕಿಕೊಂಡು ಸವಣೂರಿಗೆ ಹೋದ. ಸಂಜೆ ಅವನೇ ಫೋನ್ ಮಾಡಿದ. "ನೀ ಮಾಡಿದ್ದ ಬರೋಬ್ಬರಿ ಐತಿ. ಆದ್ರ ನಮ್ಮ ಅಬ್ಬಾಗ ಏನ್ ಹೇಳ್ಲಿ ಅದನ್ನೂ ನೀನಾ ಹೇಳು."

ಇಪ್ಪತ್ತೊಂಬತ್ತಕ್ಕೆ ಚಿಕ್ಕೇರೂರಿನಲ್ಲಿ ಇರುತ್ತೇನೆ. ಮೈಕು ಹಿಡಿದು ಎಲ್ಲರ ಮುಂದೆ ಹೇಳುತ್ತೇನೆ. ನನ್ನೂರಿನವರು, ನನ್ನ ಮಾತು ಕೇಳುತ್ತಾರೆ. ಕಾಕಾ ಅವರಿಗೆ ಅದಕ್ಕೆ ಮೊದಲು ಇನ್ನೊಮ್ಮೆ ಹೇಳಿ ನೋಡು.

ಮಾಲತೇಶ


ಚಿಕ್ಕೇರೂರು
2 ಜನವರಿ 2025

ರುದ್ರೇಶ,

ನಿನ್ನ ಕೈಯ ಸಂಗತಿ ನನಗೆ ಗೊತ್ತಾಗಿದೆ. ಯಾರು ಹೇಳಿದರು ಎಂದು ಕೇಳಬೇಡ, ಕೇಳಿದರೆ ಹೇಳಬೇಕಾಗುತ್ತದೆ. ಎರಡನೆಯ ಆಪರೇಷನ್ ಆಗಿ ನೀನು ಹುಬ್ಬಳ್ಳಿಯಲ್ಲಿ ಮಲಗಿದ್ದಾಗ ಇಲ್ಲಿ ನಡೆದದ್ದನ್ನು ನಿನಗೆ ಯಾರೂ ಇದ್ದ ಹಾಗೆ ಹೇಳಿರುವುದಿಲ್ಲ. ಕಾರ್ಮುಗಿಲ ಸೋತಿತು, ಚಿಕ್ಕೇರೂರಿನ ಮಾಲತೇಶ ಹಿಡಿದ ಎಂದು ಹೇಳಿರುತ್ತಾರೆ. ನಡೆದದ್ದು ಬೇರೆ.

ರವಿವಾರ ಹತ್ತು ಗಂಟೆಗೇ ಅಖಾಡದ ಎರಡೂ ಬದಿ ಜನ ಕಿಕ್ಕಿರಿದಿದ್ದರು. ಟ್ರಾಕ್ಟರ್ ಟ್ರಾಲಿಯ ಮೇಲೆ ಪರಮೇಶ್ವರಪ್ಪ ಮಾಸ್ತರು ಮೈಕು ಹಿಡಿದು ಹೋರಿಗಳ ಹೆಸರು ಕೂಗುತ್ತಿದ್ದರು. ನಾನು ಏಳನೇ ತರಗತಿಯಲ್ಲಿ ಅವರ ಕೈಯಲ್ಲಿ ಏಟು ತಿಂದವನು. ಕಾಲು ಹಿಡಿದು ಎರಡು ನಿಮಿಷ ಬೇಡಿದೆ. "ಸಾಲಿ ಬಿಟ್ಟಾಂವಗ ಭಾಷಣ ಬ್ಯಾರೆ ಬೇಕೇನಪಾ" ಎನ್ನುತ್ತ ಮೈಕು ಕೊಟ್ಟರು.

"ಕೊಬ್ಬರಿ ಗೇಮ್ ಮಾಡಿದಾಂವ ನಾನ. ಅದರಾಗ ಕಾರ್ಮುಗಿಲಂದು ತಪ್ಪೈತಿ. ಎಡಕ್ಕ ನಿಂದರಬ್ಯಾಡ್ರಿ. ನಿಂತ್ರ ಇರೀತೈತಿ. ಕೈ ಮುಗೀತೇನಿ" ಎಂದೆ.

ಜನರ ನಡುವಿನಿಂದ ಒಬ್ಬ ಕೂಗಿದ, "ಬಸವಣ್ಣೆಪ್ಪಂದು ಎಷ್ಟ ತಿಂದೀಲೇ?"

"ಹೋರಿ ಸೋಲಬಾರದಂತ ಮಾಲಕ ಕಳಿಸ್ಯಾನ್ರಪೋ ಇವನ್ನ!"

"ಹಂಗಾರ ಎಡಕ್ಕ ನಿಂತ್ರ ಸಿಕ್ಕಾ ಸಿಗತೈತಿ ಅಂದಂಗಾತು!"

ಸಿಳ್ಳೆಗಳು ಬಿದ್ದವು. ಮಾಸ್ತರು ಮೈಕು ಕಸಿದುಕೊಂಡರು. ನಾನು ಟ್ರಾಲಿ ಹತ್ತುವಾಗ ಎಡಗಡೆ ನೂರು ಹೆಜ್ಜೆಯ ಹತ್ತಿರ ಮೂವರಿದ್ದರು. ಇಳಿದು ನೋಡಿದರೆ ಇಪ್ಪತ್ತು ಜನ. ಹುಟ್ಟಿದಾಗಿನಿಂದ ನಾನು ಸುಳ್ಳು ಹೇಳದವನು ಎಂದು ಊರಿಗೆಲ್ಲ ಗೊತ್ತು. ಅದೇ ಊರು ಆ ದಿನ ನನ್ನ ಒಂದು ಮಾತನ್ನೂ ನಂಬಲಿಲ್ಲ.

ಹೋರಿ ಬಿಡುವ ಅಖಾಡದ ಬಾಗಿಲಿಗೆ ಓಡಿದೆ. ಕಾಕಾ ಕಾರ್ಮುಗಿಲನ ಹಗ್ಗ ಹಿಡಿದು ನಿಂತಿದ್ದರು. ಅದರ ಕಿವಿಯ ಗಾಯ ಕಾಣದಿರಲಿ ಎಂದು ಮೇಲೆ ಗೊಂಡೆ ಕಟ್ಟಿದ್ದರು. ಇನ್ನೊಂದು ಹೋರಿ ಓಡಿದ ಮೇಲೆ ನಿಮ್ಮದೇ.

"ಕಾಕಾ, ಬಿಡಬ್ಯಾಡ್ರಿ."

"ಬಾಗಿಲ ಮಟಾ ತಂದು ಹಿಂದಕ್ಕ ಹೊಡಕೊಂಡ ಹೋಗ್ಲೇನು? ಯಾಕ ಹೆದರಿದ ಅಂತ ಕೇಳೂದಿಲ್ಲೇನು ಮಂದಿ? ಕೆದಕತಾರ. ಕೆದಕಿದ್ರ ನನ್ನ ಮಗನ ಕೈ ಹೊರಗ ಬೀಳತೈತಿ. ಹೋರಿ ಹೋದಂಗ."

"ಎಡಕ್ಕ ಇಪ್ಪತ್ತು ಹುಡುಗರು ನಿಂತಾರ್ರಿ."

ಅವರು ಹಣೆಗೆ ಕೈ ಹಚ್ಚಿ ನೋಡಿದರು. ದೂಳು ಇಳಿದಿತ್ತು. ಸಾಲಿನ ಮುಂದೆ ನಿಂತವನು ಕಾಲೇಜಿನ ಆಟದ ಅಂಗಿ ಹಾಕಿಕೊಂಡು ಫೋನನ್ನು ಗೆಳೆಯನ ಕೈಗೆ ಕೊಟ್ಟು ಅಂಗೈ ಒರೆಸಿಕೊಳ್ಳುತ್ತಿದ್ದ.

"ಯಾರ ಮಕ್ಕಳಲೇ ಅವು?"

"ಗೊತ್ತಿಲ್ರಿ."

ಹೋರಿಯ ಆಚೆ ಬದಿಗೆ ನನ್ನ ರಟ್ಟೆ ಹಿಡಿದು ಎಳೆದುಕೊಂಡರು. "ಕೀಳು."

"ಏನ್ರಿ?"

"ಕೊಬ್ಬರಿ ಕೀಳಲೇ ಕತ್ತೀ."

"ನಾ ಹಿಡದಿಲ್ರೀ. ಸುಳ್ಳಾಕ್ಕೈತಿ."

"ನಿನ್ನ ಖರೇ ಮಾತಿಗೆ ನನ್ನ ಮಗನ ಕೈ ಹೋತು. ಒಂದ ಸುಳ್ಳಿಗೆ ಏನ್ ಹೋಕ್ಕೈತಿ ನೋಡೂಣು. ಕೀಳು."

ಅಷ್ಟರಲ್ಲಿ ಮಾಸ್ತರು ಹೆಸರು ಕೂಗಿದರು. ಕಾಕಾ ಹಗ್ಗ ಬಿಡದೆ ಕಾರ್ಮುಗಿಲನನ್ನು ನಾಲ್ಕು ಹೆಜ್ಜೆ ನುಗ್ಗಲು ಬಿಟ್ಟರು. ನನ್ನ ಕೈ ಸರದೊಳಗೆ ಸಿಕ್ಕಿತ್ತು. ಕಿತ್ತೆನೋ, ತಾನಾಗಿ ಕಿತ್ತು ಬಂತೋ. ಕೊಬ್ಬರಿ ಬಟ್ಟಲುಗಳು ಎದೆಗೆ ಬಡಿದವು. ದೂಳೆದ್ದಿತು. ದೂರದಿಂದ ನೋಡಿದವರಿಗೆ ಒಬ್ಬ ನುಗ್ಗಿ ಹಿಡಿದ ಹಾಗೆಯೇ ಕಂಡಿರಬೇಕು. "ಬಾಗಿಲದಾಗ ಹಿಡದಾನ! ತಿಳವಳ್ಳಿ ಕಾರ್ಮುಗಿಲನ್ನ ನಮ್ಮೂರ ಹುಡುಗ ಬಾಗಿಲದಾಗ ಹಿಡದಾನ!" ಎಂದು ಮೈಕು ಅರಚಿತು.

ಎಡಗಡೆ ನಿಂತ ಇಪ್ಪತ್ತು ಜನರೂ ಅಲ್ಲಿಂದ ಓಡಿಬಂದು ನನ್ನನ್ನು ಹೆಗಲಿಗೆ ಎತ್ತಿದರು. ಸರ ಹೋದ ಹೋರಿಯನ್ನು ಯಾರೂ ಅಟ್ಟುವುದಿಲ್ಲವಲ್ಲ. ಎತ್ತರದಿಂದ ನೋಡಿದೆ. ಕಾಕಾ ಖಾಲಿಯಾದ ಅಖಾಡದ ನಡುವೆ ಕಾರ್ಮುಗಿಲನನ್ನು ನಡೆಸಿಕೊಂಡು ಹೊರಟಿದ್ದರು. ನೂರು ಹೆಜ್ಜೆಯ ಹತ್ತಿರ ಅದು ನಿಂತು ಎಡಕ್ಕೆ ತಿರುಗಿತು. ಅಲ್ಲಿ ಯಾರೂ ಇರಲಿಲ್ಲ. ಕೊಂಬು ಎರಡು ಸಲ ಗಾಳಿಯನ್ನು ಇರಿಯಿತು.

ಇದು ಸುಳ್ಳು ಎಂಬ ಮಾತು ನನ್ನ ಬಾಯಿಗೆ ಬಂದು ನಿಂತಿತ್ತು. ಆಡಿದ್ದರೆ ಹಬ್ಬದ ಪಂಚರು ಸರವನ್ನು ಮತ್ತೆ ಕಟ್ಟಿಸಿ ಹೋರಿಯನ್ನು ಬಿಡಿಸುತ್ತಿದ್ದರು. ಹಲ್ಲು ಕಚ್ಚಿ ಕೂತೆ. ಜನ ಅದನ್ನು ಜಂಬ ಎಂದುಕೊಂಡರು. ಅವ್ವನಿಗಂತೂ ನೆಲದ ಮೇಲೆ ಕಾಲಿಲ್ಲ. "ಪಿಯುಸಿ ಬಿಟ್ರೇನಾತು, ಹೋರಿ ಹಿಡದ" ಎಂದು ಓಣಿಗೆಲ್ಲ ಕೊಬ್ಬರಿ ಹಂಚಿದಳು. ನಾನು ಒಂದು ಚೂರೂ ಬಾಯಿಗೆ ಹಾಕಲಿಲ್ಲ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಿನ್ನೆ ಆ ಕಾಲೇಜು ಅಂಗಿಯವನು ಗೆಳೆಯರನ್ನು ಕಟ್ಟಿಕೊಂಡು ಮನೆಗೆ ಬಂದಿದ್ದ.

"ಭಾರೀ ಶಾಣ್ಯಾ ಅದೀಯಣ್ಣಾ. ಮೈಕಿನ್ಯಾಗ ನಮಗ ಹೆದರಿಸಿ, ನೀನಾ ಹೋಗಿ ಹಿಡದ್ಯಲ್ಲ! ಅಂದ್ರ ಗೇಮಿನ್ಯಾಗ ಇದ್ದದ್ದೆಲ್ಲಾ ಖರೇನ ಐತಿ."

ಈ ತಿಂಗಳು ಶಿಗ್ಗಾವಿ ಕಡೆಯ ಹಬ್ಬಗಳಿಗೆ ಹೋಗುತ್ತಾರಂತೆ. ಯಾವ ಹೋರಿಗೆ ಎಲ್ಲಿ ನಿಲ್ಲಬೇಕೆಂದು ನಮ್ಮ ಆಟ ನೋಡಿ ಹಾಳೆಯ ಮೇಲೆ ಬರೆದುಕೊಂಡಿದ್ದರು. ಉಳಿದ ಮೂವತ್ತೊಂದರಲ್ಲಿ ಎಷ್ಟು ಹೋರಿಗಳು ಈ ಎರಡು ತಿಂಗಳಲ್ಲಿ ಏನೇನು ಕಲಿತಿವೆಯೋ ನನಗೆ ಗೊತ್ತಿಲ್ಲ. ಪುಣೆಯವರೂ ಮತ್ತೆ ಫೋನ್ ಮಾಡಿದ್ದರು. ಆಟ ಮಾಡಿದವನೇ ನಿಜವಾದ ಹೋರಿ ಹಿಡಿದ ಎಂಬುದು ಅವರಿಗೆ ಬಹಳ ಹಿಡಿಸಿದೆ.

ಆ ಹುಡುಗರನ್ನು ತಡೆಯಲು ಒಂದೇ ದಾರಿ. ನಾನು ಹಿಡಿದಿಲ್ಲ, ಕಾಕಾ ಕೀಳಿಸಿದರು, ಹೋರಿ ಸಾಕಿದವನನ್ನೇ ಇರಿದಿತ್ತು ಎಂದು ಹೇಳಬೇಕು. ಹೇಳಿದರೆ ಕಾಕಾ ಅವರ ಮಾನ, ಕಾರ್ಮುಗಿಲನ ಜೀವ. ಹೇಳದಿದ್ದರೆ ಯಾರದೋ ಮನೆಯ ಮಗ. ನಾಲಗೆ ತುದಿಯಲ್ಲಿದೆ. ಆದರೆ ಈ ನಿಜ ನನ್ನದಲ್ಲ, ನಿಮ್ಮ ಮನೆಯದು. ಹೋದ ಸಲ ನಿನ್ನನ್ನು ಕೇಳದೆ ಹೇಳಿದೆ. ಅದು ತಪ್ಪಾಯಿತು. ಇದನ್ನು ಬರೆಯಲು ನನಗೆ ಇಷ್ಟು ತಿಂಗಳು ಬೇಕಾಯಿತು.

ಈ ಸಲ ಕೇಳುತ್ತಿದ್ದೇನೆ. ಶಿಗ್ಗಾವಿಯ ಮೊದಲ ಹಬ್ಬ ಜನವರಿ ಹತ್ತೊಂಬತ್ತಕ್ಕೆ.

ನಿನ್ನ
ಮಾಲತೇಶ


ತಿಳವಳ್ಳಿ
7 ಜನವರಿ 2025

ಮಾಲತೇಶ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಪಡು.

ನಿನ್ನ ಪತ್ರವನ್ನು ನೀಲಾ ಅಪ್ಪನ ಮುಂದೆ ಜೋರಾಗಿ ಓದಿದಳು. ನಾನೇ ಓದು ಎಂದೆ. ಊಟದ ತಾಟು ಹಾಗೇ ಬಿಟ್ಟು ಅಪ್ಪ ದನದ ಮನೆಗೆ ಹೋದ. ಅರ್ಧ ತಾಸಿನ ಮೇಲೆ ಬಂದು ಕೇಳಿದ, "ಅವನ ಗೇಮಿನ್ಯಾಗ ಇನ್ನೂ ಎಷ್ಟ ಹೋರಿ ಅದಾವು?"

"ಮೂವತ್ತೊಂದು."

"ಆ ಮಾಲಕರಿಗೂ ಮಕ್ಕಳಿರತಾವು" ಎಂದ. ತಾಟಿನ ಮುಂದೆ ಮತ್ತೆ ಕೂತ. ಆಮೇಲೆ, "ಹೇಳ್ಲಿ. ಆದ್ರ ಫೋನಿನ್ಯಾಗ ಬ್ಯಾಡ. ಇಲ್ಲಿ ಬಂದು, ನಮ್ಮ ಕಟ್ಟೀ ಮ್ಯಾಲ ನಿಂತು, ಹೋರಿ ಮುಂದ ಹೇಳ್ಲಿ. ಬಾಜೂಕ ನಾನೂ ನಿಂದರತೇನಿ. ನೀನೂ ತೋಳು ಮ್ಯಾಲ ಮಾಡಿ ನಿಂದರು. ಬಾಯಿ ಮಾತು ನಂಬಲಿಲ್ಲಂದ್ರ ಕೈ ನೋಡಿ ನಂಬತಾರ."

ಹಯಾತನಿಗೆ ನಾನೇ ಫೋನ್ ಮಾಡಿದ್ದೇನೆ. ಚಿತ್ರೀಕರಿಸಲು ಅವನು ಸವಣೂರಿನಿಂದ ಬರುತ್ತಾನೆ. ಆ ಹಾಳೆಯ ಹುಡುಗರನ್ನು ನೀನು ಕರೆದುಕೊಂಡು ಬಾ. ಬರುವುದಿಲ್ಲವೆಂದರೆ, ಹೋರಿ ಹಿಡಿದ ಜಾಣತನ ಹೇಳಿಕೊಡುತ್ತೇನೆ ಬನ್ನಿ ಎನ್ನು. ಅಷ್ಟು ಸುಳ್ಳು ನಿನ್ನಿಂದಾಗದಿದ್ದರೆ ನೀಲಾ ಹೇಳುತ್ತಾಳೆ, ನಂಬರ್ ಕಳಿಸು.

ಕೇಳಿದ ಮೇಲೆ ಊರವರು ಕಾರ್ಮುಗಿಲನನ್ನು ಏನು ಮಾಡು ಎನ್ನುತ್ತಾರೋ ಗೊತ್ತಿಲ್ಲ. ಅಪ್ಪ ಅದರ ಮಾತೆತ್ತುವುದಿಲ್ಲ. ಬೆಳಿಗ್ಗೆ ಈಗ ನಾನೇ ಮೇವು ಹಾಕುತ್ತೇನೆ. ದೂರದಿಂದ ದನಿ ಮಾಡಿ ನಿಲ್ಲುತ್ತೇನೆ. ಅದೂ ತಲೆ ಎತ್ತಿ ನಿಲ್ಲುತ್ತದೆ. ಒಬ್ಬರಿಗೊಬ್ಬರು ಹೆದರಿಕೊಂಡು ಅಷ್ಟು ಹೊತ್ತು ನಿಂತಿದ್ದು, ಆಮೇಲೆ ಹತ್ತಿರ ಹೋಗುತ್ತೇನೆ.

ಈ ರವಿವಾರ ಹತ್ತು ಗಂಟೆಯ ಬಸ್ಸಿಗೆ ಬಾ. ನಾನು ಹೊರಗೆ ಕಾಣದಿದ್ದರೆ ದನದ ಮನೆಯಲ್ಲಿರುತ್ತೇನೆ, ಒಳಗೆ ಬರುವ ಮೊದಲು ಕೂಗು. ಬಲಗಡೆಯಿಂದ ಬಾ.

ರುದ್ರೇಶ